ಕೂರಬಾರದ ಕುರ್ಚಿ

ಕುರ್ಚಿಯ ಮೇಲೆ ಕೂರುವುದೂ ಒಂದು ವಿದ್ಯೆ ಅಂದರೆ ಜನ ನಗುತ್ತಾರೆ. ನಗಲಿ ಬಿಡಿ. ನಮ್ಮ ಮೇಷ್ಟ್ರು ಆ ಒಂದು ವಿದ್ಯೆಯಿಂದಲೇ ಇಷ್ಟು ವರ್ಷ ಸಂಸಾರ ತೂಗಿಸಿದವರು, ಮಗಳನ್ನು ಓದಿಸಿ ದಡ ಮುಟ್ಟಿಸಿದವರು. ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಅವರು ಕೆಲಸಕ್ಕಿದ್ದದ್ದು ಪ್ಲಾಸ್ಟಿಕ್ ಕುರ್ಚಿಯ ಅಂಗಡಿಯಲ್ಲಿ. ಗಿರಾಕಿ ಒಳಗೆ ಬಂದು ಇದು ಗಟ್ಟಿ ಇದೆಯಾ ಅಂತ ಕೇಳಿದರೆ ಬಾಯಲ್ಲಿ ಉತ್ತರ ಕೊಡುವ ಪದ್ಧತಿ ಆ ಅಂಗಡಿಯಲ್ಲಿ ಇರಲಿಲ್ಲ. ಮೇಷ್ಟ್ರು ಬಂದು ಆ ಕುರ್ಚಿಯನ್ನು ಎರಡು ಮಾತಲ್ಲಿ ಹೊಗಳಿ, ಧಡ್ಡಂತ ಅದರ ಮೇಲೆ ಕೂತು, ಹಿಂದಕ್ಕೆ ಒರಗಿ, ಹಿಂದಿನ ಕಾಲುಗಳ ಮೇಲೆ ಒಂದು ಸಲ ತೂಗಾಡಿ ಎದ್ದು, ನೋಡಿದಿರಲ್ಲ ಅನ್ನುತ್ತಿದ್ದರು. ಆಮೇಲೆ ಗಿರಾಕಿಯನ್ನೂ ಕೂರಿಸಿ, ಬೆನ್ನು ಹೀಗಿಡಿ, ಕಾಲು ಹಾಗಿಡಿ ಅಂತ ಪಾಠ ಹೇಳುತ್ತಿದ್ದರು. ಅದಕ್ಕೇ ಬೀದಿಯವರು ಕುರ್ಚಿ ಮೇಷ್ಟ್ರು ಅಂತ ಹೆಸರಿಟ್ಟರು. ಬರ್ತಾ ಬರ್ತಾ ಬರೀ ಮೇಷ್ಟ್ರಾದರು.

ಹೊಗಳುವುದು, ಕೂರುವುದು, ಹೊಗಳುವುದು, ಕೂರುವುದು. ವರ್ಷಗಟ್ಟಲೆ ಇದೇ ನಡೆದು ಅವರ ಬಾಯಿಗೂ ಸೊಂಟಕ್ಕೂ ಒಂದು ನಂಟು ಬೆಳೆದುಬಿಟ್ಟಿತ್ತು. ಬಾಯಿ ಯಾವುದಾದರೂ ಕುರ್ಚಿಯನ್ನು ಹೊಗಳಿದರೆ ಸಾಕು, ಸೊಂಟ ಯಜಮಾನನ ಅಪ್ಪಣೆಗೆ ಕಾಯದೆ ತಾನಾಗಿ ಬಗ್ಗುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಕ್ಕೆ ಬೇಕಾಗುತ್ತದೆ.

ಆ ಅಂಗಡಿ ಮುಚ್ಚಿತು. ಮೇಷ್ಟ್ರು ಮನೆಯಲ್ಲಿ ಕೂತರು. ಅದೂ ಕೂರುವುದೇ, ಆದರೆ ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಹೆಂಡತಿ ಮೊದಲು ಸಮಾಧಾನ ಹೇಳಿದಳು, ಆಮೇಲೆ ಸುಮ್ಮನಾದಳು, ಆಮೇಲೆ ಪಾತ್ರೆಗಳು ಮಾತಾಡತೊಡಗಿದವು. ಅಷ್ಟರಲ್ಲಿ ಅವಳ ಅಕ್ಕನಿಂದ ಫೋನು ಬಂತು. ಅಕ್ಕನ ಗಂಡ, ಅಂದರೆ ಮೇಷ್ಟ್ರ ಷಡ್ಡಕ, ಬೇರೆ ಊರಲ್ಲಿ ಮರದ ಸಾಮಾನಿನ ದೊಡ್ಡ ವ್ಯಾಪಾರಿ. ಈಗ ಹಳೇ ಕಾಲದ ಮಾದರಿಯ ಕುರ್ಚಿ ಮೇಜುಗಳಿಗೆಂದೇ ಇನ್ನೊಂದು ಅಂಗಡಿ ತೆಗೆಯುತ್ತಿದ್ದಾರೆ. ಅದನ್ನು ನೋಡಿಕೊಳ್ಳೋಕೆ ಮನೆಯವನೇ ಆದ, ಮರ ಬಲ್ಲ ಒಬ್ಬ ಮನುಷ್ಯ ಬೇಕು. ಮೇಷ್ಟ್ರು ಹೆಂಡತಿಯ ಕೈಯಿಂದ ಫೋನು ತಗೊಂಡು, ಮರದ ವಿಷಯ ನನಗೆ ಬಿಡಿ ಭಾವ, ಅಂದುಬಿಟ್ಟರು. ಮೇಷ್ಟ್ರಿಗೆ ಗೊತ್ತಿದ್ದ ಮರ ಅಂದರೆ ತಮ್ಮ ಬಚ್ಚಲುಮನೆಯ ಬಾಗಿಲು. ಅದು ನೀರು ಕುಡಿದು ಉಬ್ಬಿ ಮುಚ್ಚೋಕೇ ಆಗುತ್ತಿರಲಿಲ್ಲ.

ಇಬ್ಬರೂ ಅಕ್ಕನ ಊರಿಗೆ ಹೊರಡುವಾಗ ಹೆಂಡತಿ ಎಚ್ಚರಿಸಿದಳು. ಅಲ್ಲಿ ಹೋಗಿ ನೀವು ಏನೂ ಮಾತಾಡಬೇಡಿ, ಭಾವ ಹೇಳಿದ್ದಕ್ಕೆಲ್ಲ ತಲೆ ಆಡಿಸಿ ಸಾಕು, ಈ ಕೆಲಸ ತಪ್ಪಿದರೆ ಇನ್ನು ನಿಮ್ಮನ್ನ ಕರೆಯೋರು ಯಾರೂ ಇಲ್ಲ, ಅಂದಳು. ಮೇಷ್ಟ್ರು ಅದಕ್ಕೂ ತಲೆ ಆಡಿಸಿದರು.

ಷಡ್ಡಕರ ಮನೆ ನೋಡಿದರೆ ಯಾರೂ ಅದನ್ನು ಸಂಸಾರಸ್ಥರ ಮನೆ ಅನ್ನುವ ಹಾಗಿರಲಿಲ್ಲ. ಮನೆ ತುಂಬ ಕುರ್ಚಿಗಳಿದ್ದವು ನಿಜ, ಆದರೆ ಎಲ್ಲದರ ಕಾಲಿಗೂ ಬೆಲೆಚೀಟಿ ಕಟ್ಟಿತ್ತು. ಅಂಗಡಿಯಲ್ಲಿ ಜಾಗ ಸಾಲದೆ ಇಲ್ಲಿ ತಂದಿಟ್ಟವು. ಇವತ್ತು ಇದ್ದದ್ದು ನಾಳೆ ಇರುತ್ತಿರಲಿಲ್ಲ. ಆವತ್ತು ರಾತ್ರಿ ಮೇಷ್ಟ್ರು ಊಟಕ್ಕೆ ಕೂತು ಎರಡನೇ ಸಲ ಅನ್ನ ಹಾಕಿಸಿಕೊಂಡಿದ್ದಾರೆ, ಅಷ್ಟರಲ್ಲಿ ಗಿರಾಕಿಯೊಬ್ಬ ಬಂದ. ಷಡ್ಡಕರು ಮೇಷ್ಟ್ರನ್ನು ಒಂದು ನಿಮಿಷ ಏಳಿ ಅಂತ ಎಬ್ಬಿಸಿ ಅವರು ಕೂತಿದ್ದ ಕುರ್ಚಿಯನ್ನು ತಿರುಗಿಸಿ ಮುರುಗಿಸಿ ತೋರಿಸಿದರು. ಗಿರಾಕಿ ಅದನ್ನು ಹೊತ್ತುಕೊಂಡೇ ಹೋದ. ಮೇಷ್ಟ್ರು ತಟ್ಟೆ ಹಿಡಿದು ನಿಂತೇ ಊಟ ಮುಗಿಸಿದರು. ಅಕ್ಕ ಮಾತ್ರ ಅಡುಗೆಮನೆಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಏನೂ ಆಗದವಳ ಹಾಗೆ ಉಣ್ಣುತ್ತಿದ್ದಳು. ಬಕೆಟ್ಟಿಗೆ ಚೀಟಿ ಇರಲಿಲ್ಲ.

ಊಟದ ಮೇಲೆ ಷಡ್ಡಕರು ವಿಷಯಕ್ಕೆ ಬಂದರು. ಪಕ್ಕದ ಊರಲ್ಲಿ ಒಂದು ಹಳೇ ಬಂಗಲೆ ಇದೆ, ಈಗ ಅದು ವಸ್ತುಸಂಗ್ರಹಾಲಯ, ಮುನ್ನೂರು ನಾನೂರು ವರ್ಷದ ಮರದ ಸಾಮಾನು ಇದೆ, ನಾಳೆ ಎಲ್ಲರೂ ಹೋಗೋಣ, ಅಲ್ಲಿ ನೀವು ಏನು ಹೇಳ್ತೀರೋ ಕೇಳಿ ಆಮೇಲೆ ಅಂಗಡಿ ವಿಷಯ ಮಾತಾಡೋಣ, ಅಂದರು. ಪರೀಕ್ಷೆ ಅಂತ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಬಂಗಲೆ ದೊಡ್ಡದು. ಕೋಣೆಯ ಒಳಗೆ ಕೋಣೆ, ಅದರೊಳಗೆ ಇನ್ನೊಂದು ಕೋಣೆ. ಎಲ್ಲೆಲ್ಲೂ ಮಂಚ, ಕುರ್ಚಿ, ದಿವಾನ, ಎಲ್ಲದರ ಮೇಲೂ ಕೂರಬಾರದು ಅನ್ನುವ ಫಲಕ. ಬಂದವರು ಕೂರಲಿ ಅಂತ ಒಂದು ಬೆಂಚನ್ನಾದರೂ ಹಾಕಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಅಕ್ಕತಂಗಿಯರು ಎರಡನೇ ಕೋಣೆಯಲ್ಲೇ ಗೋಡೆ ಹಿಡಿದು ನಡೆಯತೊಡಗಿದರು.

ಮೇಷ್ಟ್ರು ಹೆಂಡತಿಯ ಮಾತನ್ನು ಮೊದಲ ಕೋಣೆ ದಾಟುವ ತನಕ ಪಾಲಿಸಿದರು. ಎರಡನೆಯದರಲ್ಲಿ ಒಂದು ದೊಡ್ಡ ಪೆಟ್ಟಿಗೆ ಇತ್ತು. ಷಡ್ಡಕರು ಏನಂತೀರಿ ಅಂದರು. ಮೇಷ್ಟ್ರು ಮೂಗನ್ನು ಪೆಟ್ಟಿಗೆಯ ಹತ್ತಿರ ಒಯ್ದು ಕಣ್ಣು ಮುಚ್ಚಿ, ಇದು ಚಳಿಗಾಲದಲ್ಲಿ ಕಡಿದ ಮರ, ವಾಸನೆಯಲ್ಲೇ ಗೊತ್ತಾಗುತ್ತೆ, ಅಂದರು. ಷಡ್ಡಕರು ಕೆಳಗಿನ ಫಲಕವನ್ನು ನಿಧಾನವಾಗಿ, ಒಂದೊಂದೇ ಪದವಾಗಿ ಓದಿದರು: ತಗಡಿನ ಪೆಟ್ಟಿಗೆ, ಮರದಂತೆ ಕಾಣಲು ಬಣ್ಣ ಬಳಿದಿದ್ದು. ಮೇಷ್ಟ್ರ ಹೆಂಡತಿ ಕಿಟಕಿಯ ಕಡೆ ತಿರುಗಿ ನಿಂತಳು. ಷಡ್ಡಕರು ಅಲ್ಲಿಂದ ಮುಂದೆ ಮೇಷ್ಟ್ರನ್ನು ಏನೂ ಕೇಳಲಿಲ್ಲ. ಕೇಳದಿದ್ದದ್ದರಿಂದಲೇ ಮೇಷ್ಟ್ರಿಗೆ ಹೆಚ್ಚು ನೋವಾಯಿತು. ಕೆಲಸ ಕೈತಪ್ಪಿ ಹೋಗುತ್ತಿರುವುದು ಅವರಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು.

ಕೊನೆಯ ಕೋಣೆಯಲ್ಲಿ ಆ ಕುರ್ಚಿ ಇತ್ತು. ಪ್ರಾಯಶಃ ನ್ಯಾಯಾಧೀಶರ ಆಸನ, ಕೂರಬಾರದು, ಅಂತ ಫಲಕ ಹೇಳುತ್ತಿತ್ತು. ಎತ್ತರದ ಬೆನ್ನು, ಬೆನ್ನಿನ ತುಂಬ ಬಳ್ಳಿ. ಬಳ್ಳಿಯ ಎಲೆಗಳನ್ನು ಎಷ್ಟು ತೆಳ್ಳಗೆ ಕೆತ್ತಿದ್ದರು ಅಂದರೆ ಕಿಟಕಿಯ ಬೆಳಕು ಅಂಚಿನಲ್ಲಿ ಕೆಂಪಾಗಿ ಹಾಯುತ್ತಿತ್ತು. ಒಂದು ಎಲೆಯನ್ನು ಹುಳ ತಿಂದ ಹಾಗೆ ತೂತು ಮಾಡಿ ಕೆತ್ತಿದ್ದರು, ಪಕ್ಕದಲ್ಲೇ ಹೊಟ್ಟೆ ತುಂಬಿದ ಹುಳವೂ ಇತ್ತು. ಕಾಲು ಎಲ್ಲಿ ಮುಗಿದು ತೋಳು ಎಲ್ಲಿ ಶುರುವಾಯಿತು ಅಂತ ಹೇಳೋಕೆ ಆಗುತ್ತಿರಲಿಲ್ಲ. ಉಳಿದ ಸಾಮಾನಿಗೆಲ್ಲ ಸುತ್ತ ಹಗ್ಗ ಕಟ್ಟಿತ್ತು. ಇದರ ಹಗ್ಗ ಆವತ್ತು ಒಗೆಯೋಕೆ ಹೋಗಿತ್ತು.

ಮೇಷ್ಟ್ರು ನಿಂತಲ್ಲೇ ನಿಂತರು. ಜಂಬವೂ ಮರೆತುಹೋಯಿತು, ಪರೀಕ್ಷೆಯೂ ಮರೆತುಹೋಯಿತು. ಅವರ ಬಾಯಿಂದ ಆವತ್ತಿನ ಮೊದಲ ನಿಜವಾದ ಮಾತು ಬಂತು.

"ಎಂಥ ಕೆಲಸ ಭಾವ ಇದು. ಒಂದು ಮೊಳೆ ಇಲ್ಲ, ಒಂದು ಸಂದು ಕಾಣಲ್ಲ. ಇಂಥ ಕುರ್ಚಿ ಮೇಲೆ ಕೂತ ಮನುಷ್ಯ..."

ವಾಕ್ಯವನ್ನು ಬಾಯಿ ಮುಗಿಸಲಿಲ್ಲ, ಸೊಂಟ ಮುಗಿಸಿತು. ಮೇಷ್ಟ್ರು ಕೂತರು. ಆಸನ ಒಂದು ಬೆರಳಿನಷ್ಟು ಕೆಳಗಿಳಿಯಿತು. ಒಳಗೆಲ್ಲೋ ಟಕ್ ಅಂತು. ಕುರ್ಚಿಯ ಎರಡು ತೋಳುಗಳ ಒಳಗಿಂದ ಎರಡು ಮರದ ಪಟ್ಟಿಗಳು, ಇಷ್ಟು ವರ್ಷ ಅಲ್ಲಿದ್ದದ್ದೇ ಯಾರಿಗೂ ಗೊತ್ತಿಲ್ಲದವು, ಸರಕ್ಕನೆ ಹೊರಬಂದು ಮೇಷ್ಟ್ರ ಹೊಟ್ಟೆಯ ಮುಂದೆ ಒಂದನ್ನೊಂದು ಹಿಡಿದುಕೊಂಡವು. ಮೇಷ್ಟ್ರು ಏಳೋಕೆ ನೋಡಿದರು. ಆಗಲಿಲ್ಲ. ಜಗ್ಗಿದರು, ಆಗಲಿಲ್ಲ. ಹೊಟ್ಟೆ ಒಳಗೆ ಎಳಕೊಂಡರು. ಪಟ್ಟಿಗಳೂ ಅಷ್ಟೇ ಒಳಗೆ ಬಂದವು.

ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಬಂದ. ಮೇಷ್ಟ್ರನ್ನು ನೋಡಿದ, ಫಲಕ ನೋಡಿದ, ಏಳಿ ಅಂದ. ಏಳೋಕೆ ಆಗ್ತಿಲ್ಲ ಅಂದರು ಮೇಷ್ಟ್ರು. ಹಾಗೆಲ್ಲ ಹೇಳೋ ಹಾಗಿಲ್ಲ, ಇಲ್ಲಿ ಕೂರಬಾರದು, ಏಳಿ, ಅಂದ. ಪಾಪ, ಅವನಿಗೆ ಕಲಿಸಿದ್ದೇ ಅಷ್ಟು. ಕೂತವರನ್ನು ಏಳಿ ಅನ್ನಬೇಕು, ಅವರು ಏಳುತ್ತಾರೆ. ಏಳದಿದ್ದರೆ ಮುಂದೇನು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಮತ್ತೆ ಒಂದೆರಡು ಸಲ ಏಳಿ ಅಂದು, ಕೊನೆಗೆ ಮೇಲಿನವರನ್ನು ಕರೆಯೋಕೆ ಓಡಿದ.

ಬಂದದ್ದು ಸಂಗ್ರಹಾಲಯದ ಅಧಿಕಾರಿ ಮೇಡಂ. ಕೈಗೆ ಬಿಳಿ ಗವಸು, ಕೊರಳಲ್ಲಿ ಭೂತಗನ್ನಡಿ. ಕುರ್ಚಿಯ ಸುತ್ತ ಒಂದು ಸುತ್ತು ಬಂದು ಮುಖ ಬಿಳಿಚಿಕೊಂಡು, ಎಲ್ಲಾದರೂ ಬಿರುಕು ಬಿಟ್ಟಿದೆಯಾ, ನೋವಾಗಿದೆಯಾ ಅಂತ ಕೇಳಿದರು. ಮೇಷ್ಟ್ರು ಕೃತಜ್ಞತೆಯಿಂದ, ಬಲಗಡೆ ಸೊಂಟ ಸ್ವಲ್ಪ ಹಿಡಿದಿದೆ ಅಂದರು.

"ನಾನು ಕುರ್ಚಿ ವಿಷಯ ಕೇಳಿದ್ದು," ಅಂದರು ಮೇಡಂ.

ಈ ಕುರ್ಚಿ ಹೀಗೆ ಹಿಡಿಯುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ. ಗೊತ್ತಾಗೋದಾದರೂ ಹೇಗೆ? ಕೂರಬಾರದು ಅಂತ ನಿಯಮ ಇದ್ದದ್ದರಿಂದ ಯಾರೂ ಕೂತಿರಲಿಲ್ಲ. ಯಾರೂ ಕೂರದೆ ಇದ್ದದ್ದರಿಂದ ಆ ನಿಯಮ ಮೊದಲು ಯಾಕೆ ಬಂತು ಅನ್ನುವುದು ಎಲ್ಲರಿಗೂ ಮರೆತುಹೋಗಿತ್ತು.

ಅಗ್ನಿಶಾಮಕದವನನ್ನು ಕರೆಸಿದರು. ಅವನು ಗರಗಸ ಹಿಡಿದುಕೊಂಡೇ ಒಳಗೆ ಬಂದು, ಎರಡು ನಿಮಿಷದ ಕೆಲಸ ಅಂದ. ಮೇಡಂ ಕುರ್ಚಿಗೆ ಅಡ್ಡ ನಿಂತು, ಇದಕ್ಕೆ ಮುನ್ನೂರು ವರ್ಷ ಅಂದರು. ಅವನು ಮೇಷ್ಟ್ರನ್ನು ತೋರಿಸಿ, ಇವರಿಗೂ ವಯಸ್ಸಾಗಿದೆ ಅಂದ. ಇವರಂಥವರು ಬೇಕಾದಷ್ಟು ಜನ ಸಿಕ್ತಾರೆ, ಇಂಥ ಕುರ್ಚಿ ಇನ್ನೊಂದಿಲ್ಲ, ಅಂತ ಮೇಡಂ ಯಾವ ಕೋಪವೂ ಇಲ್ಲದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮೇಷ್ಟ್ರು ಅಭ್ಯಾಸಬಲದಿಂದ ಅದಕ್ಕೂ ತಲೆ ಆಡಿಸಿದರು. ಕೊನೆಗೆ ಮೇಡಂ ಒಂದು ದಾರಿ ಸೂಚಿಸಿದರು. ಇವರಿಗೆ ಊಟ ಕೊಡಬೇಡಿ, ನಾಲ್ಕು ದಿನಕ್ಕೆ ತಾನಾಗಿ ಸಡಿಲವಾಗ್ತಾರೆ. ಅಗ್ನಿಶಾಮಕದವನು ಹಾಗಾದರೆ ನಾಲ್ಕು ದಿನ ಬಿಟ್ಟು ಬರ್ತೀನಿ ಅಂತ ಗರಗಸ ಹೆಗಲಿಗೇರಿಸಿ ಹೋಗೇಬಿಟ್ಟ.

ಈ ನಡುವೆ ಪ್ರವಾಸಿಗಳ ಒಂದು ಗುಂಪು ಒಳಗೆ ನುಗ್ಗಿತು. ಮೇಷ್ಟ್ರು ನಾಚಿಕೆಯಿಂದ ಅಲ್ಲಾಡದೆ ಕೂತರು. ಒಬ್ಬಾಕೆ ಎಷ್ಟು ಚೆನ್ನಾಗಿ ಮಾಡಿದ್ದಾರೆ ಗೊಂಬೆನ, ಆದರೆ ನ್ಯಾಯಾಧೀಶರ ಮುಖಕ್ಕೆ ಕಳೆ ಸಾಲದು, ಅಂತ ಕೆನ್ನೆ ಮುಟ್ಟೋಕೆ ಕೈ ಚಾಚಿದಳು. ಕಾವಲುಗಾರ ಮುಟ್ಟಬಾರದು ಅಂದ. ಆ ಹೊತ್ತಿಗೆ ಅವನ ಬಾಯಿಂದ ಬಂದ ಉಪಯೋಗದ ಮಾತು ಅದೊಂದೇ.

ಷಡ್ಡಕರು ಕೋಣೆಯ ಆ ಮೂಲೆಯಲ್ಲಿ, ಈ ಮನುಷ್ಯ ಯಾರೋ ಏನೋ ಅನ್ನುವ ಹಾಗೆ ಕಪಾಟು ನೋಡುತ್ತ ನಿಂತಿದ್ದರು. ಹೆಂಡತಿ ಮಾತ್ರ ಮೇಷ್ಟ್ರ ಪಕ್ಕ ಬಿಟ್ಟು ಕದಲಲಿಲ್ಲ. ಆದರೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ವಾಸಿ ಅನ್ನಿಸುತ್ತಿತ್ತು.

ಮಾಡೋಕೆ ಬೇರೆ ಏನೂ ಇಲ್ಲದೆ ಮೇಷ್ಟ್ರ ಬೆರಳು ಕುರ್ಚಿಯ ತೋಳಿನ ತಳಭಾಗವನ್ನು ಸವರುತ್ತಿತ್ತು. ಅಲ್ಲಿ ಏನೋ ಉಬ್ಬು ಸಿಕ್ಕಿತು. ಇನ್ನೊಂದು ಸಲ ಸವರಿದರು. ಮೂಗು. ಅದರ ಕೆಳಗೆ ಬಾಯಿ. ಬಾಯಿಂದ ಹೊರಗೆ ಚಾಚಿದ ನಾಲಿಗೆ. ಹೊರಗೆ ನಿಂತವರಿಗೆ ಕಾಣದ ಹಾಗೆ, ಸಿಕ್ಕಿಕೊಂಡವನ ಬೆರಳಿಗೆ ಮಾತ್ರ ಸಿಗುವ ಹಾಗೆ, ಬಡಗಿ ಅಲ್ಲಿ ನಾಲಿಗೆ ಚಾಚಿದ ಒಂದು ಪುಟ್ಟ ಮುಖ ಕೆತ್ತಿಟ್ಟಿದ್ದ. ಮೇಷ್ಟ್ರಿಗೆ ನಗು ತಡೆಯೋಕಾಗಲಿಲ್ಲ. ಮುನ್ನೂರು ವರ್ಷದಿಂದ ಈ ಮಹಾರಾಯ ಯಾರಾದರೂ ಕೂರಲಿ ಅಂತ ಕಾಯ್ತಾ ಇದ್ದಾನೆ ಅಂತ ಮೇಡಂಗೆ ಹೇಳಿದರು. ಮೇಡಂ ಗವಸು ತೆಗೆದು, ನೆಲಕ್ಕೆ ಮಂಡಿಯೂರಿ, ತೋಳಿನ ಕೆಳಗೆ ಬೆರಳಾಡಿಸಿದರು. ಇಷ್ಟು ವರ್ಷ ದಿನಾ ಧೂಳು ಒರೆಸಿದ್ದೀನಿ, ನನಗೆ ಇದು ಸಿಗಲಿಲ್ಲವಲ್ಲ, ಅಂದರು. ಅವರಿಗೆ ನಿಜಕ್ಕೂ ಹೊಟ್ಟೆಕಿಚ್ಚಾಗಿತ್ತು.

ಮೇಷ್ಟ್ರು ನಗುವುದನ್ನು ನೋಡಿ ಹೆಂಡತಿಯ ತಾಳ್ಮೆ ತಪ್ಪಿತು. ಬೆಳಗ್ಗಿಂದ ನಿಂತ ಕಾಲು, ಮನೆಯ ಚಿಂತೆ, ತಗಡಿನ ಪೆಟ್ಟಿಗೆ, ಎಲ್ಲ ಒಟ್ಟಿಗೆ ಮೇಲೆ ಬಂತು. ನನ್ನ ಕೈಲಿ ಇನ್ನು ನಿಲ್ಲೋಕಾಗಲ್ಲ ಅಂದವಳೇ ತಿರುಗಿ ಗಂಡನ ತೊಡೆಯ ಮೇಲೆ ಕೂತುಬಿಟ್ಟಳು. ಕಾವಲುಗಾರ ಓಡಿ ಬಂದ. ಅವನು ಬಾಯಿ ತೆಗೆಯುವ ಮೊದಲೇ ಅವಳು ಅಂದಳು:

"ಕುರ್ಚಿ ಮೇಲೆ ಕೂರಬಾರದು ಅಂತ ತಾನೇ ಬರೆದಿರೋದು? ಗಂಡನ ಮೇಲೆ ಕೂರಬಾರದು ಅಂತ ಎಲ್ಲಿ ಬರೆದಿದೆ ತೋರಿಸಿ."

ಕಾವಲುಗಾರ ಫಲಕ ನೋಡಿದ. ಬರೆದಿರಲಿಲ್ಲ. ಅಷ್ಟರಲ್ಲಿ ಆಸನ ಇನ್ನೊಂದು ಬೆರಳಿನಷ್ಟು ಕೆಳಗಿಳಿದು ಮತ್ತೆ ಟಕ್ ಅಂತು. ಎರಡು ಪಟ್ಟಿಗಳೂ ಬಂದ ದಾರಿಯಲ್ಲೇ ಸರಿದು ತೋಳಿನೊಳಗೆ ಸೇರಿಕೊಂಡವು.

ಒಬ್ಬರು ಕೂತರೆ ಹಿಡಿಯುತ್ತದೆ, ಮೇಲೆ ಇನ್ನೊಬ್ಬರ ಭಾರ ಬಿದ್ದರೆ ಬಿಡುತ್ತದೆ. ಆ ಬಡಗಿಯ ತಮಾಷೆ ಇಷ್ಟೇ. ಸಿಕ್ಕಿಕೊಂಡವನನ್ನು ಬಿಡಿಸೋಕೆ ಅವನ ತೊಡೆಯ ಮೇಲೆ ಕೂರುವಂಥ ಒಬ್ಬರು ಅವನಿಗೆ ಇರಬೇಕು. ಮೇಡಂ ಇದನ್ನು ಅರ್ಥ ಮಾಡಿಕೊಂಡು ನ್ಯಾಯಾಧೀಶರ ಫಲಕವನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡರು. ಹೊಸದು ಬರೆಸೋಕೆ ಅಂತ ಆ ಕ್ಷಣವೇ ಕಚೇರಿಗೆ ಹೊರಟರು. ಮೇಷ್ಟ್ರೂ ಹೆಂಡತಿಯೂ ಎದ್ದು ಬಟ್ಟೆ ಸರಿಮಾಡಿಕೊಂಡರು. ಅವಳ ಮುಖ ಕೆಂಪೇರಿತ್ತು, ಆದರೆ ಕೋಪ ಇಳಿದಿತ್ತು.

ಆಗ ಷಡ್ಡಕರು ಮೂಲೆಯಿಂದ ಬಂದರು. ಅಂಗಡಿ ವಿಷಯ ಬಿಟ್ಟುಬಿಡೋಣ ಮೇಷ್ಟ್ರೇ, ನಾನು ಬೇರೆ ಯಾರನ್ನಾದರೂ ನೋಡ್ಕೊಳ್ತೀನಿ, ಅಂತ ಮುಖಕ್ಕೇ ಹೇಳಿದರು. ಹೆಂಡತಿಯ ಮುಖ ನೋಡುವ ಧೈರ್ಯ ಮೇಷ್ಟ್ರಿಗಾಗಲಿಲ್ಲ.

ಷಡ್ಡಕರು ಅಲ್ಲಿಗೇ ನಿಲ್ಲಿಸಿ ಮನೆಗೆ ಹೊರಟಿದ್ದರೆ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ವ್ಯಾಪಾರಿ. ಇಂಥ ಕುರ್ಚಿ ನಾಲ್ಕು ಮಾಡಿಸಿ ಮಾರಿದರೆ ಊರಿಗೆ ಊರೇ ಬರುತ್ತದೆ ಅನ್ನುವುದು ಅವರ ತಲೆಗೆ ಹೊಕ್ಕಿತ್ತು. ಒಳಗಿನ ಯಂತ್ರ ಹೇಗಿದೆ ನೋಡಬೇಕಿತ್ತು. ಮೇಡಂ ಅತ್ತ ಹೋದದ್ದೇ ತಡ, ಆಸನವನ್ನು ಕೈಯಿಂದ ಒತ್ತಿದರು. ಅಲ್ಲಾಡಲಿಲ್ಲ. ಮೊಣಕಾಲು ಊರಿದರು. ಅದಕ್ಕೂ ಅಲ್ಲಾಡಲಿಲ್ಲ. ಭಾವ ಬೇಡ ಅಂದರು ಮೇಷ್ಟ್ರು. ಕುರ್ಚಿ ವಿಷಯ ನೀವು ನನಗೆ ಹೇಳಿಕೊಡಬೇಡಿ, ಅಂಚಿನಲ್ಲಿ ಸುಮ್ಮನೆ ತಾಗಿಸ್ತೀನಿ ಅಷ್ಟೇ, ಅಂದು ಷಡ್ಡಕರು ತಾಗಿಸಿದರು.

ಟಕ್.

ಕಾವಲುಗಾರ ಬಂದು ಏಳಿ ಅಂದ.

ಷಡ್ಡಕರು ಹೆಂಡತಿಯ ಕಡೆ ನೋಡಿ, ಬಾರೇ ಇಲ್ಲಿ, ಬೇಗ, ಯಾರಾದರೂ ಬರ್ತಾರೆ, ಅಂದರು. ಅಕ್ಕ ಕೇಳಿಸಿಕೊಂಡಳು, ಆದರೆ ಬರಲಿಲ್ಲ. ಷಡ್ಡಕರು ಕಾವಲುಗಾರನನ್ನು ಕೇಳಿದರು. ನನ್ನ ಕೆಲಸ ನಿಂತುಕೊಳ್ಳೋದು ಸಾರ್, ಕೂರೋದಲ್ಲ, ಅಂದ ಅವನು. ಮೇಷ್ಟ್ರು ಒಳ್ಳೆಯವರು, ನಾನು ಬೇಕಾದರೆ ಕೂರ್ತೀನಿ ಭಾವ ಅಂತ ಮುಂದೆ ಬಂದರು. ಷಡ್ಡಕರು ಒಂದು ಕ್ಷಣ ಯೋಚಿಸಿ ಒಪ್ಪಿಕೊಳ್ಳುವವರೇ ಇದ್ದರು. ಅಕ್ಕ ಕೈ ಅಡ್ಡ ಹಿಡಿದಳು.

"ನೀವು ಇರಿ ಮೇಷ್ಟ್ರೇ," ಅಂದು ಗಂಡನ ಕಡೆ ತಿರುಗಿದಳು. "ರೀ, ಹೊಸ ಅಂಗಡಿ ಯಾರು ನೋಡ್ಕೋತಾರೆ?"

ಈಗ ಅದೆಲ್ಲ ಯಾಕೆ ಅಂದರು ಷಡ್ಡಕರು. ಅಕ್ಕ ಗೋಡೆಗೆ ಒರಗಿ ನಿಂತಳು. ನಿಂತು ಅಭ್ಯಾಸ ಇದ್ದವಳು. ಹೊರಗೆ ಇನ್ನೊಂದು ಗುಂಪಿನ ಸದ್ದು ಕೇಳಿಸಿತು. ಅದರೊಳಗೆ ತಮ್ಮ ಗಿರಾಕಿ ಯಾರಾದರೂ ಇದ್ದರೆ ಏನು ಗತಿ ಅನ್ನುವುದು ಷಡ್ಡಕರ ಮುಖದಲ್ಲಿ ಕಂಡಿತು. ಮರದ ವಿಷಯ ಇವರಿಗೇನು ಗೊತ್ತು ಹೇಳು, ಅಂತ ಗೋಗರೆದರು. ಮೂರು ಶತಮಾನದಲ್ಲಿ ಯಾರಿಗೂ ಕಾಣದ ಆ ಮುಖ ಯಾರಿಗೆ ಸಿಕ್ತು, ನಿಮಗಾ, ಅಂದಳು ಅಕ್ಕ. ಷಡ್ಡಕರು ಸೋತರು. ಮೇಷ್ಟ್ರೇ ನೋಡ್ಕೊಳ್ಳಲಿ, ಆಯ್ತಲ್ಲ, ಈಗಲಾದರೂ ಕೂರು, ಅಂದರು. ಮೇಷ್ಟ್ರ ಹೆಂಡತಿ ಅಕ್ಕನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಅಕ್ಕ ಆಗಲೂ ಕೂರಲಿಲ್ಲ.

"ಅದು ನನ್ನ ತಂಗಿಗಾಯ್ತು. ಈಗ ನನ್ನದು," ಅಂದಳು. "ಮದುವೆಯಾದಾಗಿಂದ ಕುರ್ಚಿ ವ್ಯಾಪಾರ ಮಾಡ್ತಿದ್ದೀರಿ. ಮನೆಯಲ್ಲಿ ನನಗೆ ಅಂತ ಒಂದು ಕುರ್ಚಿ ಇಲ್ಲ. ಬಕೆಟ್ಟಿನ ಮೇಲೆ ಕೂತು ಉಣ್ತೀನಿ. ನನಗೊಂದು ಕುರ್ಚಿ ಬೇಕು. ಮಾರದೇ ಇರೋದು."

ಇಷ್ಟು ವರ್ಷ ಇದು ಷಡ್ಡಕರ ಗಮನಕ್ಕೇ ಬಂದಿರಲಿಲ್ಲ. ಅವರೇನು ಕೆಟ್ಟವರಲ್ಲ. ಕುರ್ಚಿ ಕಂಡರೆ ಅವರಿಗೆ ಬೆಲೆ ಕಾಣುತ್ತಿತ್ತು, ಅದರ ಮೇಲೆ ಕೂರಬೇಕಾದವರು ಕಾಣುತ್ತಿರಲಿಲ್ಲ. ಇರುವುದರಲ್ಲಿ ಒಳ್ಳೇದು ತಗೋ ಅಂತ ತಲೆ ತಗ್ಗಿಸಿ ಹೇಳಿದರು. ಅಕ್ಕ ಹೋಗಿ ಗಂಡನ ತೊಡೆಯ ಮೇಲೆ ಠೀವಿಯಿಂದ ಕೂತಳು. ಟಕ್ ಅಂತು. ಪಟ್ಟಿಗಳು ಸರಿದವು. ಅಕ್ಕ ಏಳಲಿಲ್ಲ. ಕಾವಲುಗಾರ ಏಳಿ ಅಂದ. ಇರಪ್ಪ, ಈಗ ತಾನೇ ಕೂತಿದ್ದೀನಿ, ಅಂದಳು. ಹೊಸ ಗುಂಪು ಒಳಗೆ ಬಂದು ಅವರಿಬ್ಬರನ್ನೂ ನೋಡಿ ಫಲಕ ಹುಡುಕಿತು. ಫಲಕ ಇರಲಿಲ್ಲ.

ಮೇಷ್ಟ್ರು ಹೊಸ ಅಂಗಡಿ ಸೇರಿದ ಮೊದಲ ದಿನವೇ ಎಲ್ಲ ಕುರ್ಚಿಗಳ ಮೇಲೂ ಒಂದೊಂದು ಸಲ ಕೂತು ನೋಡಿ, ಅತ್ಯುತ್ತಮವಾದ ಒಂದನ್ನು ಆರಿಸಿ, ಚೀಟಿ ಕಿತ್ತು, ತಾವೇ ಹೊತ್ತು ಅಕ್ಕನ ಅಡುಗೆಮನೆಗೆ ತಲುಪಿಸಿದರು. ಅದೇ ವಾರ, ಆವತ್ತು ಊಟದ ಹೊತ್ತಿಗೆ ಬಂದಿದ್ದ ಗಿರಾಕಿ ಮತ್ತೆ ಮನೆಗೆ ಬಂದ. ಅಕ್ಕ ಆ ಕುರ್ಚಿಯ ಮೇಲೆ ಕೂತು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದಳು. ಗಿರಾಕಿಗೆ ಬಾಗಿಲಿಂದಲೇ ಕುರ್ಚಿ ಹಿಡಿಸಿತು. ಎಷ್ಟಾದರೂ ಸರಿ ಕೊಡ್ತೀನಿ ಅಂದ. ಷಡ್ಡಕರ ಬಾಯಿ ಅಭ್ಯಾಸದಂತೆ ಬೆಲೆ ಹೇಳೋಕೆ ತೆರೆಯಿತು. ಅಕ್ಕ ತುತ್ತು ನಿಲ್ಲಿಸಿ ಗಂಡನ ಮುಖ ನೋಡಿದಳು.

"ಅದು ಮಾರೋಕಲ್ಲ ಸ್ವಾಮಿ," ಅಂದರು ಷಡ್ಡಕರು. "ಅಲ್ಲಿ ನಮ್ಮವಳು ಕೂತಿದ್ದಾಳೆ."